ಹಂದಿ ಮಾತನಾಡಿದ್ದು ಸುಳ್ಳು, 14 ವರ್ಷ ಬದುಕಿದ್ದು ನಿಜ

ಪತ್ರದ ಸಾರ: ನೀವು ರಜೆಗೆಂದು ಕೊಟ್ಟ ಸಿನಿಮಾ ಪಟ್ಟಿಯಲ್ಲಿದ್ದ ‘ದ ಲೆಜೆಂಡ್ ಆಫ್ ದ ಟ್ಯಾಮ್‌ವರ್ತ್ ಟೂ’ ಚಿತ್ರವನ್ನು ಒಂಬತ್ತು ವರ್ಷದ ಮಗಳೊಂದಿಗೆ ನೋಡಿದೆ. ಕಸಾಯಿಖಾನೆಯಿಂದ ತಪ್ಪಿಸಿಕೊಂಡ ಎರಡು ಹಂದಿಗಳ ಕಥೆ. ‘ನಿಜ ಘಟನೆ ಆಧಾರಿತ’ ಎಂದು ಬರೆದಿದ್ದಿರಿ. ಹಂದಿಗಳು ಮಾತನಾಡುವ ಚಿತ್ರ ನಿಜ ಘಟನೆ ಹೇಗಾಗುತ್ತದೆ? ಸುಳ್ಳನ್ನೂ ನಿಜವನ್ನೂ ಕಲಸಿ ಮಕ್ಕಳಿಗೆ ಉಣಿಸುವುದು ಸರಿಯೇ? ಚಿತ್ರ ಮುಗಿದ ಮೇಲೆ ಮಗಳು ‘ಉಳಿದ ಹಂದಿಗಳು ಏನಾದವು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕಡಂಬುಟ್ಟು ಮಾತ್ರ ತಿಂದಳು, ಪಂದಿ ಕರಿ ಮುಟ್ಟಲಿಲ್ಲ. ಅತ್ತೆಯವರಿಗೆ ಸಿಟ್ಟು. ಐದು ವರ್ಷದ ಮಗನಿಗೆ ಇಂಥ ಚಿತ್ರಗಳನ್ನು ತೋರಿಸಲೋ ಬೇಡವೋ?
– ಓದುಗರೊಬ್ಬರು, ವಿರಾಜಪೇಟೆ

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನಮ್ಮೊಂದಿಗೆ ಒಂದು ಜಗಳವಿದೆ, ಚಿತ್ರದೊಂದಿಗೆ ಒಂದು, ಅತ್ತೆಯವರೊಂದಿಗೆ ಇನ್ನೊಂದು. ಕೊನೆಯದಕ್ಕೆ ತಲೆಹಾಕುವುದು ಯಾವ ಸಂಪಾದಕನಿಗೂ ಕ್ಷೇಮವಲ್ಲ. ಆದರೆ ಪತ್ರದ ಜೀವ ಅಲ್ಲೇ ಇರುವುದರಿಂದ ಅಲ್ಲಿಗೂ ಬರುತ್ತೇನೆ.

ಮೊದಲು ಮಾತಿನ ವಿಷಯ. ಗೋವಿನ ಹಾಡು ನಮ್ಮ ಮಕ್ಕಳಿಗೆ ಹೊಸದಲ್ಲ. ಪುಣ್ಯಕೋಟಿ ಹುಲಿಯೊಂದಿಗೆ ವಾದಿಸುತ್ತಾಳೆ, ಕರುವಿಗೆ ಹಾಲುಣಿಸಿ ಬರಲು ಅವಕಾಶ ಕೇಳುತ್ತಾಳೆ, ಕೊಟ್ಟ ಮಾತಿನಂತೆ ಹಿಂದಿರುಗುತ್ತಾಳೆ. ಹಸು ಕನ್ನಡ ಯಾವಾಗ ಕಲಿಯಿತು ಎಂದು ಯಾವ ಮಗುವೂ ಕೇಳಿದ್ದು ನಾನರಿಯೆ. ಮಕ್ಕಳು ಕೇಳುವುದು ಹುಲಿ ಏಕೆ ಸಾಯಬೇಕಿತ್ತು ಎಂದು. ನಿಮ್ಮ ಮಗಳೂ ಹಂದಿ ಮಾತನಾಡಿದ್ದು ಹೇಗೆ ಎಂದು ಕೇಳಲಿಲ್ಲ, ಉಳಿದವು ಏನಾದವು ಎಂದು ಕೇಳಿದಳು. ಮಾತು ಅವಳನ್ನು ಮೋಸಗೊಳಿಸಿಲ್ಲ, ನಿಮ್ಮನ್ನು ಕಾಡಿದೆ ಅಷ್ಟೆ.

ಆದರೆ ನಿಮ್ಮ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗೋವಿನ ಹಾಡಿಗೆ ‘ನಿಜ ಘಟನೆ ಆಧಾರಿತ’ ಎಂಬ ಮುದ್ರೆಯನ್ನು ಯಾರೂ ಒತ್ತಿಲ್ಲ. ಮುದ್ರೆ ಒತ್ತಿದವರು ಯಾವುದು ನಿಜ ಎಂದೂ ಹೇಳಬೇಕು. ಪಟ್ಟಿಯ ಎರಡು ಸಾಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಇಲ್ಲಿ ಇದೆ.

1998ರ ಜನವರಿ 8. ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತ್ಯದ ಮಾಮ್ಸ್‌ಬರಿ ಎಂಬ ಸಣ್ಣ ಊರಿನ ಕಸಾಯಿಖಾನೆಯಲ್ಲಿ ಲಾರಿಯಿಂದ ಹಂದಿಗಳನ್ನು ಇಳಿಸುತ್ತಿದ್ದರು. ಅವುಗಳಲ್ಲಿ ಎರಡು, ಒಂದೇ ಸೂಲಿನ ಅಕ್ಕ ತಮ್ಮ ಎನ್ನಿ, ಬೇಲಿಯ ಸಂದಿಯಲ್ಲಿ ನುಸುಳಿ, ಏವನ್ ನದಿಯನ್ನು ಈಜಿ ಆಚೆ ದಡದ ತೋಟಗಳೊಳಗೆ ಮಾಯವಾದವು. ವಯಸ್ಸು ಐದು ತಿಂಗಳು. ಕೆಂಗಂದು ಕೂದಲು, ಉದ್ದ ಮೂತಿಯ ಟ್ಯಾಮ್‌ವರ್ತ್ ಜಾತಿ. ಜನವರಿಯ ನದಿ ನೀರಿನಲ್ಲಿ ಹಂದಿ ಈಜಿತೆಂಬ ಸುದ್ದಿ ಸಾಕಾಯಿತು. ಹಳೆಯ ಹಾಲಿವುಡ್ ಚಿತ್ರವೊಂದರ ತಲೆಮರೆಸಿಕೊಂಡ ದರೋಡೆಕೋರರ ಹೆಸರನ್ನು ಪತ್ರಿಕೆಗಳು ಅವುಗಳಿಗೆ ಅಂಟಿಸಿದವು: ಬುಚ್ ಮತ್ತು ಸನ್‌ಡ್ಯಾನ್ಸ್. ಬುಚ್ ಹೆಣ್ಣು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ವಾರವಿಡೀ ಪತ್ರಕರ್ತರು ಪೊದೆಗಳ ಸುತ್ತ ಕ್ಯಾಮೆರಾ ಹಿಡಿದು ಕುಳಿತರು, ಸಾಗರದಾಚೆಯಿಂದಲೂ ಬಂದರು. 15ರ ಸಂಜೆ ಬುಚ್ ಒಂದು ಮನೆಯ ತೋಟದಲ್ಲಿ ಸಿಕ್ಕಿಬಿದ್ದಳು. ಮರುದಿನ ಸನ್‌ಡ್ಯಾನ್ಸ್‌ನನ್ನು ನಾಯಿಗಳು ಪೊದೆಯಿಂದ ಹೊರಗೆಬ್ಬಿಸಿದವು, ಅರಿವಳಿಕೆಯ ಸೂಜಿ ಹೊಡೆದು ಹಿಡಿದರು.

ಇಲ್ಲಿಯವರೆಗಿನ ಕಥೆಯನ್ನು ಯಾವ ಚಿತ್ರವಾದರೂ ಚೆನ್ನಾಗಿ ಹೇಳೀತು. ಮುಂದಿನದು ನಮ್ಮ ವೃತ್ತಿಯ ಕಥೆ. ಹಂದಿಗಳ ಒಡೆಯ ರಸ್ತೆ ಗುಡಿಸುವ ನೌಕರ. ಇಷ್ಟೆಲ್ಲ ಗದ್ದಲದ ನಡುವೆಯೂ ಅವನು, ಸಿಕ್ಕರೆ ಕಸಾಯಿಖಾನೆಗೇ ಕಳುಹಿಸುವುದು ಎಂದಿದ್ದ. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ, ಸಾಕಿದ್ದೇ ಅದಕ್ಕೆ. ಆಗ ‘ಡೇಲಿ ಮೇಲ್’ ಪತ್ರಿಕೆ ಎರಡನ್ನೂ ಹಣ ಕೊಟ್ಟು ಕೊಂಡಿತು. ಕರುಣೆಯಿಂದಲೇ? ಇರಬಹುದು. ಜೊತೆಗೆ ಆ ಹಂದಿಗಳ ಸುದ್ದಿಯೂ ಅದಕ್ಕೆ ಮಾತ್ರ ಸೇರಿತು. ಇಡೀ ದೇಶ ನೋಡುತ್ತಿರುವ ಪ್ರಾಣಿಯನ್ನು ಉಳಿಸಿದ ಪತ್ರಿಕೆ ಎಂಬ ಹೆಸರಿಗಿಂತ ಅಗ್ಗದ ಜಾಹೀರಾತು ಬೇರೆ ಸಿಕ್ಕುತ್ತದೆಯೇ? ಪತ್ರಿಕೆ ನಡೆಸುವವನಾಗಿ ನಾನು ಅದನ್ನು ಬೈಯಲಾರೆ, ಹೊಗಳಲೂ ಮನಸ್ಸು ಬರುವುದಿಲ್ಲ.

ಹೀಗೆ ಕೆಂಟ್ ಪ್ರಾಂತ್ಯದ ಅಪರೂಪದ ತಳಿಗಳ ಕೇಂದ್ರವೊಂದನ್ನು ಸೇರಿದ ಬುಚ್ 2010ರ ಅಕ್ಟೋಬರ್‌ವರೆಗೆ, ಸನ್‌ಡ್ಯಾನ್ಸ್ 2011ರ ಮೇ ತನಕ ಬದುಕಿದವು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ನಂಬಲು ಕಷ್ಟವಾದದ್ದು ಇದೇ. ಮಾಂಸಕ್ಕೆಂದು ಸಾಕುವ ಹಂದಿಯ ಆಯುಷ್ಯ ಐದಾರು ತಿಂಗಳು. ಹಂದಿ ಮುದಿಯಾಗುವುದನ್ನು ಸಾಕಿದವರೇ ನೋಡುವುದು ಅಪರೂಪ. ಮಗಳಿಗೆ ಇದನ್ನು ಹೇಳಿ: ಮಾತು ಕಲ್ಪನೆ, ಈಜಿದ್ದು ನಿಜ, 13 ಮತ್ತು 14 ವರ್ಷ ಬದುಕಿದ್ದೂ ನಿಜ. ಉಳಿದ ಹಂದಿಗಳ ಬಗ್ಗೆ ಕೇಳಿದರೆ, ಆ ವಾರ ಅಲ್ಲಿಗೆ ಬಂದ ಬೇರೆ ಹಂದಿಗಳಿಗೆ ಯಾರೂ ಹೆಸರಿಡಲಿಲ್ಲ, ಅವು ಮಾಂಸವಾದವು ಎಂದೇ ಹೇಳಿ. ಒಂಬತ್ತು ವರ್ಷದವಳು ಅದನ್ನು ಆಗಲೇ ಊಹಿಸಿದ್ದಾಳೆ, ನಿಮ್ಮ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾಳೆ.

ಇನ್ನೊಂದು ಹಂದಿಯ ಕಥೆ ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಅಮೆರಿಕದ ಲೇಖಕ ಇ.ಬಿ. ವೈಟ್ ಅವರಿಗೆ ಮೇಯ್ನ್ ರಾಜ್ಯದ ಕಡಲತೀರದಲ್ಲಿ ಒಂದು ಜಮೀನಿತ್ತು. ವಸಂತದಲ್ಲಿ ಮರಿ ತಂದು, ಬೇಸಿಗೆಯಿಡೀ ಮೇಯಿಸಿ, ಚಳಿ ಹತ್ತಿದಾಗ ಕಡಿಯುವುದು ಅಲ್ಲಿನ ವಾಡಿಕೆ. ಒಂದು ವರ್ಷ ಹಂದಿಗೆ ಕಾಯಿಲೆಯಾಯಿತು. ಕಡಿಯಲೆಂದೇ ಸಾಕಿದ ಪ್ರಾಣಿಗೆ ವೈಟ್ ಹರಳೆಣ್ಣೆ ಕುಡಿಸಿದರು, ಪಶುವೈದ್ಯರನ್ನು ಕರೆಸಿದರು, ನಿದ್ದೆಗೆಟ್ಟರು. ಹಂದಿ ಸತ್ತಿತು. ಆ ದಿನಗಳ ಬಗ್ಗೆ ಬರೆದ ಪ್ರಬಂಧ 1948ರಲ್ಲಿ ‘ಅಟ್ಲಾಂಟಿಕ್’ ಮಾಸಿಕದಲ್ಲಿ ಪ್ರಕಟವಾಯಿತು. ಕೊಲ್ಲಬೇಕಾದವನೇ ಬದುಕಿಸಲು ಒದ್ದಾಡುವ ಆ ಮುಜುಗರವನ್ನು ಅವರು ಮುಚ್ಚಿಡಲಿಲ್ಲ.

ಅದೇ ಕೊಟ್ಟಿಗೆಯಲ್ಲಿ ಅವರಿಗೆ ಒಂದು ಜೇಡದ ಮೊಟ್ಟೆಚೀಲ ಸಿಕ್ಕಿತು. ಅದನ್ನು ಬ್ಲೇಡಿನಿಂದ ಬಿಡಿಸಿ, ಮಿಠಾಯಿ ಡಬ್ಬಿಯಲ್ಲಿಟ್ಟು ನ್ಯೂಯಾರ್ಕಿನ ಮನೆಗೆ ಒಯ್ದು ಮಲಗುವ ಕೋಣೆಯ ಮೇಜಿನ ಮೇಲೆ ಇಟ್ಟರು. ಕೆಲವು ವಾರಗಳಲ್ಲಿ ಡಬ್ಬಿಯ ತೂತುಗಳಿಂದ ಮರಿಜೇಡಗಳು ಹೊರಬಂದು ಬಾಚಣಿಗೆ ಕನ್ನಡಿಗಳ ನಡುವೆ ಎಳೆ ಕಟ್ಟತೊಡಗಿದವು. ಸತ್ತ ಹಂದಿ, ಹುಟ್ಟಿದ ಜೇಡ ಎರಡೂ ಸೇರಿ 1952ರಲ್ಲಿ ‘ಷಾರ್ಲೆಟ್ಸ್ ವೆಬ್’ ಆಯಿತು. ಪುಸ್ತಕದ ಹಂದಿ ವಿಲ್ಬರ್ ಸಾಯುವುದಿಲ್ಲ. ಜೇಡ ಅದರ ಮೇಲುಗಡೆ ಬಲೆಯಲ್ಲಿ ಹೊಗಳಿಕೆಯ ಪದಗಳನ್ನು ನೇಯುತ್ತದೆ, ಜನ ಮುಗಿಬಿದ್ದು ನೋಡುತ್ತಾರೆ, ಅಷ್ಟು ಪ್ರಸಿದ್ಧವಾದ ಹಂದಿಯನ್ನು ಕಡಿಯಲು ಯಾರಿಗೂ ಕೈ ಬರುವುದಿಲ್ಲ.

ಗಮನಿಸಿದಿರಾ? ಹಂದಿಯನ್ನು ಉಳಿಸಿದ್ದು ಅದರ ಮಾತಲ್ಲ, ಅದರ ಬಗ್ಗೆ ಯಾರೋ ದೊಡ್ಡ ಅಕ್ಷರದಲ್ಲಿ ಬರೆದದ್ದು. 46 ವರ್ಷಗಳ ನಂತರ ಮಾಮ್ಸ್‌ಬರಿಯಲ್ಲಿ ನಡೆದದ್ದು ಇದೇ, ಜೇಡದ ಜಾಗದಲ್ಲಿ ಪತ್ರಿಕೆಯಿತ್ತು. ಮಾತನಾಡುವ ಪ್ರಾಣಿಗಳ ಕಥೆಗಳಲ್ಲಿ ನಾನು ಹುಡುಕುವ ನಿಜ ಇಂಥದ್ದು. ಪುಣ್ಯಕೋಟಿಯನ್ನು ಅವಳ ಮಾತೇ ಉಳಿಸಿತು. ವಿಲ್ಬರ್‌ನನ್ನಾಗಲಿ, ಬುಚ್, ಸನ್‌ಡ್ಯಾನ್ಸ್‌ಗಳನ್ನಾಗಲಿ ಉಳಿಸಿದ್ದು ಪ್ರಚಾರ. ಮಗಳಿಗೆ ಹಿಂದಿನ ವಾಕ್ಯ ಅರ್ಥವಾದರೆ ‘ನಿಜ ಘಟನೆ’ ಎಂಬ ಮುದ್ರೆಗೆ ನಾವು ಸಲ್ಲಿಸಬೇಕಾದ ಲೆಕ್ಕ ಸಂದಿತು.

ಮಾತನಾಡುವ ಹಂದಿಯ ಇನ್ನೊಂದು ಚಿತ್ರ ‘ಬೇಬ್’ ನಿಜ ಘಟನೆಯದಲ್ಲವಾದರೂ ಅದರ ಬೇರು ಒಂದು ಹಳ್ಳಿ ಜಾತ್ರೆಯಲ್ಲಿದೆ. ಮೂಲ ಕಥೆ ಬರೆದ ಇಂಗ್ಲೆಂಡಿನ ಡಿಕ್ ಕಿಂಗ್-ಸ್ಮಿತ್ ಸುಮಾರು ಇಪ್ಪತ್ತು ವರ್ಷ ಬೇಸಾಯ ಮಾಡಿ, ಅದು ಕೈಹಿಡಿಯದೆ ಮೇಷ್ಟರಾದವರು. ಜಾತ್ರೆಯಲ್ಲಿ ಹಂದಿಯ ತೂಕ ಊಹಿಸುವ ಪಂದ್ಯದ ಮಳಿಗೆ ನೋಡಿಕೊಳ್ಳುತ್ತಿದ್ದಾಗ ಈ ಜಾಣ ಪ್ರಾಣಿಗೆ ಬೇರೆ ಗತಿ ಇರಬಾರದೇ ಎನ್ನಿಸಿ, 1983ರಲ್ಲಿ ಕುರಿ ಕಾಯುವ ಹಂದಿಯ ಕಥೆ ಬರೆದರು. 1995ರಲ್ಲಿ ಅದು ಆಸ್ಟ್ರೇಲಿಯಾದಲ್ಲಿ ಚಿತ್ರವಾಯಿತು. ತೆರೆಯ ಮೇಲೆ ಕಾಣುವುದು ಒಂದೇ ಮರಿ, ಬಳಸಿದ್ದು 48. ಮರಿಗಳು ಬೆಳೆಯುವ ವೇಗಕ್ಕೆ ಚಿತ್ರೀಕರಣ ಸಾಟಿಯಾಗದೆ, ಒಂದು ಬ್ಯಾಚು ದೊಡ್ಡದಾದಂತೆ ಇನ್ನೊಂದನ್ನು ತರಬೇಕಾಯಿತು. ನಮ್ಮ ಹಂದಿ ಸಾಕಣೆ ಕೇಂದ್ರಗಳಲ್ಲೂ ಕಾಣುವ ಬಿಳಿ ಯಾರ್ಕ್‌ಷೈರ್ ಜಾತಿಯವೇ. ಎಲ್ಲವೂ ಒಂದೇ ರೀತಿ ಕಾಣಲೆಂದು ನೆತ್ತಿಗೆ ಪುಟ್ಟ ಕೃತಕ ಜುಟ್ಟು ಅಂಟಿಸಿದ್ದರು. ಕಂಪ್ಯೂಟರಿನಲ್ಲಿ ತುಟಿ ಆಡಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಮುಂದೆ ಮುಂಬಯಿ, ಹೈದರಾಬಾದ್‌ಗಳಲ್ಲೂ ಸ್ಟುಡಿಯೊ ತೆರೆಯಿತು. ಆ ವರ್ಷದ ವಿಷುಯಲ್ ಎಫೆಕ್ಟ್ಸ್ ಆಸ್ಕರ್‌ಗೆ ‘ಬೇಬ್’ನ ಎದುರಾಳಿಯಾಗಿದ್ದುದು ‘ಅಪೊಲೊ 13’. ಅದು ಅಕ್ಷರಶಃ ನಿಜ ಘಟನೆಯ ಚಿತ್ರ. ಗೆದ್ದದ್ದು ಹಂದಿ.

ಈಗ ಪಂದಿ ಕರಿ. ‘ಬೇಬ್’ನಲ್ಲಿ ರೈತನ ಪಾತ್ರ ಮಾಡಿದ ಜೇಮ್ಸ್ ಕ್ರಾಮ್‌ವೆಲ್ ಮಾಂಸವನ್ನು ಬಹಳ ಹಿಂದೆಯೇ ಬಿಟ್ಟಿದ್ದವರು, ಆ ಚಿತ್ರೀಕರಣದ ಸಮಯದಲ್ಲಿ ಹಾಲು, ಮೊಟ್ಟೆಗಳನ್ನೂ ಬಿಟ್ಟರು. ಐವತ್ತೈದರ ಆಸುಪಾಸಿನ ನಟನಿಗೆ ಹಾಗಾದ ಮೇಲೆ ಒಂಬತ್ತರ ಹುಡುಗಿಯದನ್ನು ಹಟ ಎನ್ನುವುದು ಸರಿಯಲ್ಲ. ಇತ್ತ ವೈಟ್, ಕಿಂಗ್-ಸ್ಮಿತ್ ಇಬ್ಬರೂ ಹಂದಿಯನ್ನು ಮಾಂಸಕ್ಕಾಗಿಯೇ ಸಾಕಿದವರು. ಅವರ ಕಥೆಗಳು ಆ ಅನುಭವದಿಂದಲೇ ಬಂದವು. ಆದ್ದರಿಂದ ಅತ್ತೆಯವರೂ ತಪ್ಪಿತಸ್ಥರಲ್ಲ. ಕಾಚಂಪುಳಿ ಹಾಕಿ ಅಷ್ಟು ಹೊತ್ತು ಒಲೆಯ ಮುಂದೆ ನಿಂತವರಿಗೆ ಮೊಮ್ಮಗಳು ತಟ್ಟೆ ಸರಿಸಿದರೆ ನೋವಾಗುತ್ತದೆ. ಆ ನೋವು ಹಂದಿಗೆ ಸಂಬಂಧಿಸಿದ್ದಲ್ಲ ಎಂದು ಮಗಳಿಗೆ ತಿಳಿಸಿ, ಇದು ಅಡುಗೆಯ ಮೇಲಿನ ಮುನಿಸಲ್ಲ ಎಂದು ಅತ್ತೆಯವರಿಗೆ ತಿಳಿಸಿ. ಚಿಕನ್ ಮಾಡಿ ಎಂದು ಸಲಹೆ ಕೊಡಲಾರೆ, ಕೋಳಿ ಮಾತನಾಡುವ ಚಿತ್ರಗಳೂ ಇವೆ.

ಮಗನ ವಿಷಯ. ‘ಬೇಬ್’ ಶುರುವಾಗುವುದೇ ತಾಯಿ ಹಂದಿಯನ್ನು ಕರೆದೊಯ್ಯುವುದರೊಂದಿಗೆ. ನಡುವೆ ಕ್ರಿಸ್‌ಮಸ್ ಊಟಕ್ಕೆ ಒಂದು ಬಾತುಕೋಳಿ ಬಲಿಯಾಗುತ್ತದೆ. ಐದು ವರ್ಷಕ್ಕೆ ಅದು ಬೇಡ, ಎರಡು ಮೂರು ವರ್ಷ ತಡೆಯಿರಿ. ‘ಷಾರ್ಲೆಟ್ಸ್ ವೆಬ್’ನ 2006ರ ಚಿತ್ರ ತೋರಿಸಬಹುದು, ಆದರೆ ಜೇಡ ಸಾಯುತ್ತದೆ ಎಂದು ಮೊದಲೇ ಹೇಳಿ ಕೂರಿಸಿ. ವೈಟ್ ತಮ್ಮ ಪುಸ್ತಕವನ್ನು ಧ್ವನಿಮುದ್ರಿಸುವಾಗ ಆ ಭಾಗವನ್ನು ಅಳು ತಡೆದು ಓದಿ ಮುಗಿಸಲು 17 ಸಲ ಪ್ರಯತ್ನಿಸಬೇಕಾಯಿತಂತೆ. ಆ ಹೊತ್ತಿನಲ್ಲಿ ನೀವು ಅಡುಗೆಮನೆಗೆ ಎದ್ದು ಹೋಗಬೇಡಿ. ಟ್ಯಾಮ್‌ವರ್ತ್ ಹಂದಿಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ. ಅಕ್ಕ ನೋಡುತ್ತಿದ್ದಾಗ ಅವನು ಬಾಗಿಲ ಸಂದಿಯಿಂದ ಅರ್ಧವಾದರೂ ನೋಡಿಯೇ ಇರುತ್ತಾನೆ.