ಕಾಗದದ ಮೇಲೆ ಏಳು ಲಕ್ಷ, ಕೈಗೆ ಇಪ್ಪತ್ತು ಸಾವಿರ

"ಅಕ್ಕಾ, ಇಬ್ಬರದೂ ಸೇರಿದರೆ ವರ್ಷಕ್ಕೆ 7,40,000 ಡಾಲರ್ ಆಗುತ್ತೆ. ಸಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಇಷ್ಟು ಸಾಕಾಗುತ್ತಾ? ಬಂದ ವರ್ಷವೇ ಮನೆ ತಗೊಳ್ಳಬಹುದಾ? ಅಷ್ಟು ದುಡಿಯುವವರ ಮನೆಯಲ್ಲಿ ದಿನ ಹೇಗೆ ಸಾಗುತ್ತೆ?" ಅಂತ ಕೇಳಿದ್ದೀರಿ.

ಸಾಕಾಗುತ್ತೆ. ಅದರಲ್ಲಿ ಎರಡು ಮಾತಿಲ್ಲ. ಇದರ ಎಂಟನೇ ಒಂದು ಪಾಲಿನಲ್ಲಿ ಸಂಸಾರ ತೂಗಿಸುವ ಟೀಚರುಗಳು, ನರ್ಸುಗಳು ಇದೇ ಊರಲ್ಲಿದ್ದಾರೆ. ಸಾಲೋದಿಲ್ಲ ಅಂತ ನಾವು ಗೊಣಗಿದರೆ ಬಾಯಿಗೆ ಹುಳ ಬಿದ್ದೀತು. ಆದರೂ ಇಲ್ಲಿನ ಲೆಕ್ಕ ವಿಚಿತ್ರ ಅನ್ನೋದು ನಿಜ. 2018ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ ಸಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ನಾಲ್ಕು ಜನರ ಮನೆಗೆ 1,17,400 ಡಾಲರ್ ಆದಾಯವಿದ್ದರೂ ಅದನ್ನು "ಕಡಿಮೆ ಆದಾಯ" ಅಂತ ಪಟ್ಟಿ ಮಾಡಿತ್ತು. ನಾವು ಅದನ್ನು ಓದಿ ನಕ್ಕಿದ್ದೆವು. ಮನೆ ಹುಡುಕೋಕೆ ಹೊರಟ ಮೇಲೆ ನಗು ನಿಂತಿತು.

ನಿಮ್ಮ ಅಂಕಿ ಬಿಡಿಸಿ ನೋಡಿದೆ. ನಿಮ್ಮ ಯಜಮಾನರ ಮೂಲ ಸಂಬಳ 2,40,000, ನಿಮ್ಮದು 1,90,000. ಒಟ್ಟು 4,30,000. ಉಳಿದ 3,10,000 ಸಂಬಳವಲ್ಲ, ಕಂಪನಿ ಷೇರು. ಇಷ್ಟು ಷೇರು ಅಂತ ಎಣಿಸಿಡೋದು ನೀವು ಸೇರುವಾಗ. ಅದು ನಾಲ್ಕು ವರ್ಷದಲ್ಲಿ ಕಂತುಕಂತಾಗಿ ನಿಮ್ಮದಾಗುತ್ತೆ, ಅದಕ್ಕೆ ಎಲ್ಲರೂ ವೆಸ್ಟ್ ಆಗೋದು ಅಂತಾರೆ. ಎಣಿಕೆ ಗಟ್ಟಿ, ಬೆಲೆ ಗಾಳಿ. 2022ರಲ್ಲಿ ನಾಸ್‌ಡ್ಯಾಕ್ ಸೂಚ್ಯಂಕವೇ ಶೇ 33ರಷ್ಟು ಬಿತ್ತು, ಒಂದೊಂದು ಕಂಪನಿಯ ಷೇರು ಅದಕ್ಕಿಂತ ಜೋರಾಗಿ ಬಿತ್ತು. ಇನ್ನೊಂದು, ನಾಲ್ಕನೇ ವರ್ಷ ಮುಗಿದಾಗ ಸೇರುವಾಗ ಕೊಟ್ಟ ಷೇರು ಖಾಲಿ. ನಡುವೆ ಪ್ರತಿವರ್ಷ ಹೊಸದಾಗಿ ಸ್ವಲ್ಪ ಸ್ವಲ್ಪ ಕೊಟ್ಟಿರುತ್ತಾರೆ, ಆದರೆ ಅದು ಮೊದಲಿನಷ್ಟಿರುತ್ತೆ ಅನ್ನೋ ಭರವಸೆ ಇಲ್ಲ. ಐದನೇ ವರ್ಷ ಬಡ್ತಿ ಸಿಕ್ಕಿಯೂ ಆದಾಯ ಇಳಿದವರನ್ನು ಕಂಡಿದ್ದೇನೆ.

ಹಾಗಾಗಿ ಮೂಲ ಸಂಬಳವನ್ನಷ್ಟೇ ಹಿಡಿದು ಲೆಕ್ಕ ಹಾಕಿ. ಇಲ್ಲಿ ಹಿಡಿದಿರೋದು 2025ರ ನಿಯಮ, ದರಗಳು. ಇಬ್ಬರೂ 401ಕೆ ನಿವೃತ್ತಿ ಖಾತೆಗೆ ತಲಾ 23,500 ಹಾಕುತ್ತೀರಿ. ಹಾಕಲೇಬೇಕು, ಸಾಮಾನ್ಯವಾಗಿ ಕಂಪನಿಯೂ ತನ್ನ ಪಾಲು ಸೇರಿಸುತ್ತೆ. ಆಮೇಲೆ ಫೆಡರಲ್ ಅಂದರೆ ಕೇಂದ್ರದ ತೆರಿಗೆ, ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ. ಸೋಷಿಯಲ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪಿಂಚಣಿಗೆ ಶೇ 6.2, ಒಬ್ಬೊಬ್ಬರ ದುಡಿಮೆ 1,76,100 ಡಾಲರ್ ದಾಟಿದ ಮೇಲೆ ಅದು ಆ ವರ್ಷಕ್ಕೆ ನಿಲ್ಲುತ್ತೆ. ಮೆಡಿಕೇರ್‌ಗೆ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಶೇ 1.45, ಅದು ನಿಲ್ಲೋದೇ ಇಲ್ಲ. ರಾಜ್ಯದ ಅಂಗವೈಕಲ್ಯ ವಿಮೆಗೆ ಶೇ 1.2. ಆರೋಗ್ಯ ವಿಮೆಯ ಕಂತೂ ಕಳೆದರೆ ತಿಂಗಳಿಗೆ ಬ್ಯಾಂಕಿಗೆ ಬೀಳೋದು 20,500 ಡಾಲರ್ ಆಸುಪಾಸು. ಮನೆ ನಡೆಯೋದು ಇದರಲ್ಲಿ. ಏಳು ಲಕ್ಷದ ಮಾತು ಊರಿನ ನೆಂಟರಿಗೆ.

ಷೇರಿನ ಮೇಲಿನ ತೆರಿಗೆಯಲ್ಲಿ ಒಂದು ಗುಂಡಿ ಇದೆ, ಹೊಸಬರೆಲ್ಲ ಅದಕ್ಕೆ ಬೀಳುತ್ತಾರೆ, ನಾವೂ ಬಿದ್ದೆವು. ಷೇರು ವೆಸ್ಟ್ ಆದ ದಿನ ಕಂಪನಿ ಫೆಡರಲ್ ತೆರಿಗೆ ಅಂತ ಸಾಮಾನ್ಯವಾಗಿ ಶೇ 22 ಮಾತ್ರ ಹಿಡಿಯುತ್ತೆ. ಅದು ವರ್ಷಕ್ಕೆ 10 ಲಕ್ಷ ಡಾಲರ್ ದಾಟುವವರೆಗೆ ಕಾನೂನೇ ಕೊಟ್ಟ ದರ. ಆದರೆ ನಿಮ್ಮ ಆದಾಯದ ಮೇಲ್ಪದರ ಇರೋದು ಶೇ 32, ಶೇ 35ರಲ್ಲಿ. ನಿಮ್ಮ ಅಂಕಿಗೇ ಹಾಕಿ ನೋಡಿದೆ, ಹಿಡಿದಿದ್ದಕ್ಕೂ ಕೊಡಬೇಕಾದ್ದಕ್ಕೂ ಮಧ್ಯೆ 30,000 ಡಾಲರಿಗೂ ಮೇಲೆ ಬೀಳುತ್ತೆ. ಏಪ್ರಿಲ್ 15ಕ್ಕೆ ಅದು ಎದುರಿಗೆ ಬಂದು ನಿಲ್ಲುತ್ತೆ.

ನಮ್ಮದು 2022ರ ಏಪ್ರಿಲ್. ಮಕ್ಕಳು ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತೆರಿಗೆ ಸಾಫ್ಟ್‌ವೇರಿಗೆ ಡಬ್ಲ್ಯು-2, ಅಂದರೆ ವರ್ಷದ ಸಂಬಳ, ಹಿಡಿದ ತೆರಿಗೆಯ ಲೆಕ್ಕವಿರುವ ಕಂಪನಿಯ ಚೀಟಿ, ತುಂಬುತ್ತಾ ಕೂತಿದ್ದೆವು. ಮೊದಲ ಡಬ್ಲ್ಯು-2 ಹಾಕಿದಾಗ ಮೂಲೆಯ ಅಂಕಿ ಹಸಿರು, ಏನೋ ವಾಪಸ್ ಬರುತ್ತೆ ಅಂತ ಖುಷಿ. ಎರಡನೆಯದು ಹಾಕಿದ ಕೂಡಲೇ ಕೆಂಪಾಯಿತು. 41,000 ಬಾಕಿ. ಇವರು ಮೂರು ಸಲ ಅಳಿಸಿ ಮತ್ತೆ ತುಂಬಿದರು. ಅಂಕಿ ಕದಲಲಿಲ್ಲ. ಬೆಲೆ ಇನ್ನೂ ಏರುತ್ತೆ ಅಂತ ಹಿಂದಿನ ವರ್ಷದ ಷೇರನ್ನೆಲ್ಲ ಮಾರದೇ ಇಟ್ಟಿದ್ದೆವು, ಅಷ್ಟರಲ್ಲಿ ಅದು ಮೂರರಲ್ಲಿ ಒಂದು ಪಾಲು ಇಳಿದಿತ್ತು. ತೆರಿಗೆ ಮಾತ್ರ ವೆಸ್ಟ್ ಆದ ದಿನದ ಬೆಲೆಗೆ. ಇಳಿದ ಬೆಲೆಗೆ ಮಾರಿ, ಏರಿದ ಬೆಲೆಯ ತೆರಿಗೆ ಕಟ್ಟಿದೆವು.

ಅವತ್ತಿನಿಂದ ನಮ್ಮ ಮನೆಯಲ್ಲಿ ವೆಸ್ಟ್ ಆದ ದಿನವೇ ಮಾರಾಟ. ಸಂಬಳ ಕೊಡುವ ಕಂಪನಿಯಲ್ಲೇ ಉಳಿತಾಯವನ್ನೂ ಇಟ್ಟರೆ, ಅದು ಮುಗ್ಗರಿಸಿದ ದಿನ ಎರಡೂ ಒಟ್ಟಿಗೆ ಹೋಗುತ್ತೆ. ಮೂರು ತಿಂಗಳಿಗೊಮ್ಮೆ ಅಂದಾಜು ತೆರಿಗೆಯನ್ನೂ ಕಟ್ಟುತ್ತೇವೆ. ನಿಮ್ಮಷ್ಟು ಆದಾಯದವರು ಹಿಂದಿನ ವರ್ಷದ ತೆರಿಗೆಯ ಶೇ 110ರಷ್ಟನ್ನು ಸಕಾಲಕ್ಕೆ ಕಟ್ಟಿದ್ದರೆ, ಬಾಕಿ ಎಷ್ಟೇ ಇರಲಿ, ಫೆಡರಲ್ ದಂಡ ಬೀಳೋದಿಲ್ಲ.

ಇನ್ನು ಮನೆ. ಬಂದ ವರ್ಷ ಬೇಡ ಅನ್ನೋದು ನನ್ನ ಮಾತು, ಯಾಕೆ ಅಂತ ನೋಡಿ. ಬೇ ಏರಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಅಂದರೆ ಜಿಲ್ಲೆ ಇದ್ದ ಹಾಗೆ) ಸಾಧಾರಣ ಬಿಡಿ ಮನೆಯ ಬೆಲೆ 20 ಲಕ್ಷ ಡಾಲರ್ ಹತ್ತಿರ. ಸಾಧಾರಣ ಅಂದರೆ 1960ರ ಸುಮಾರಿಗೆ ಕಟ್ಟಿದ ಮೂರು ಕೋಣೆಯ ಒಂದಂತಸ್ತು, ನಡೆದರೆ ನೆಲ ಕಿರ್ ಅನ್ನುತ್ತೆ. 4 ಲಕ್ಷ ಮುಂಗಡ ಕೊಟ್ಟು 16 ಲಕ್ಷ ಸಾಲ ಮಾಡಿದರೆ, ಶೇ 6.5ರ ಬಡ್ಡಿಗೆ 30 ವರ್ಷದ ಕಂತು ತಿಂಗಳಿಗೆ 10,100. ಆಸ್ತಿ ತೆರಿಗೆ ತಿಂಗಳಿಗೆ 2,000. ವಿಮೆ, ಚಾವಣಿ, ಒಡೆದ ಪೈಪು ಬೇರೆ. ಕೈಗೆ ಬರುವ 20,500ರಲ್ಲಿ 12,000 ಇಲ್ಲೇ ಹೋಯಿತು. ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ ಅಂತೀರಿ. ಇದೆ, ಮೊದಲ 7.5 ಲಕ್ಷ ಸಾಲದ ಬಡ್ಡಿಗೆ ಮಾತ್ರ. ರಾಜ್ಯ ತೆರಿಗೆ, ಆಸ್ತಿ ತೆರಿಗೆಯ ವಿನಾಯಿತಿಯ ಮಿತಿಯನ್ನು 2025ರಲ್ಲಿ 40,000ಕ್ಕೆ ಏರಿಸಿದರು, ಆದರೆ ಆ ವರ್ಷದ ನಿಯಮದಲ್ಲಿ ಅದು 5 ಲಕ್ಷ ಆದಾಯದಿಂದ ಕರಗುತ್ತಾ ಹೋಗಿ 6 ಲಕ್ಷಕ್ಕೆ ಹಳೆಯ 10,000ಕ್ಕೇ ಬಂದು ನಿಲ್ಲುತ್ತಿತ್ತು. ಮಕ್ಕಳ ಹೆಸರಿನ ತೆರಿಗೆ ರಿಯಾಯಿತಿಯೂ ಗಂಡ-ಹೆಂಡತಿಗೆ 4 ಲಕ್ಷ ದಾಟಿದ ಮೇಲೆ ಸವೆಯುತ್ತೆ. ನಿಮ್ಮ ಆದಾಯಕ್ಕೆ ಬಾಗಿಲು ತೆರೆದಿರುವ ರಿಯಾಯಿತಿ ಕಡಿಮೆ. ಇದನ್ನು ದೂರು ಅಂತ ಹೇಳುತ್ತಿಲ್ಲ, ಲೆಕ್ಕ ಹಾಕುವಾಗ ಮರೆಯಬೇಡಿ ಅಂತ.

ಮನೆ ವಿಷಯದಲ್ಲಿ ದುಡಿಮೆಗಿಂತ ಬಂದ ವರ್ಷ ಮುಖ್ಯ ಅನ್ನೋದು ನಮ್ಮ ಬೀದಿಯಲ್ಲೇ ಕಾಣುತ್ತೆ. ನಾವು 2019ರಲ್ಲಿ 15 ಲಕ್ಷಕ್ಕೆ ತಗೊಂಡೆವು, 2021ರಲ್ಲಿ ಸಾಲವನ್ನು ಶೇ 3ರ ಒಳಗಿನ ಬಡ್ಡಿಗೆ ಬದಲಿಸಿಕೊಂಡೆವು. ಅದೃಷ್ಟ, ಜಾಣತನವಲ್ಲ. ಪಕ್ಕದ ಮನೆಯ ಅಜ್ಜಿ 1984ರಲ್ಲಿ ಕೊಂಡವರು. 1978ರ ಪ್ರೊಪೊಸಿಷನ್ 13 ಅನ್ನೋ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ತೆರಿಗೆ ಲೆಕ್ಕಕ್ಕೆ ಹಿಡಿಯುವ ಬೆಲೆ ಕೊಂಡ ಬೆಲೆಯಿಂದ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವ ಹಾಗಿಲ್ಲ. ಅದೇ ಅಳತೆಯ ಮನೆಗೆ ನಾವು ವರ್ಷಕ್ಕೆ 19,000 ಕಟ್ಟುತ್ತೇವೆ, ಅವರು 4,000. ಅವರು ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಬೀದಿಯಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡೋದು ಅವರೊಬ್ಬರೇ ಅನ್ನಿಸುತ್ತೆ.

ದಿನ ಹೇಗೆ ಅಂತ ಕೇಳಿದಿರಿ. ಚಿಕ್ಕವನ ಡೇ ಕೇರ್ ಸಂಜೆ 6ಕ್ಕೆ ಮುಚ್ಚುತ್ತೆ, ತಡವಾದರೆ ನಿಮಿಷಕ್ಕೆ 1 ಡಾಲರ್. ತಿಂಗಳ ಫೀಸು 2,900. ಕಳೆದ ವಾರ 237ನೇ ಹೆದ್ದಾರಿ ಮೇಲೆ ಗಾಡಿಗಳು ಇಂಚಿಂಚು ಸರಿಯುತ್ತಿದ್ದವು. ಫೋನಿನಲ್ಲಿ ಮೀಟಿಂಗ್ ಇನ್ನೂ ಮುಗಿದಿರಲಿಲ್ಲ, ಗಡಿಯಾರ 5:52. 6:09ಕ್ಕೆ ಓಡಿ ಹೋದಾಗ ಅವನು ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಉಳಿದ ಮಕ್ಕಳೆಲ್ಲ ಹೋಗಿದ್ದರು. ಟೀಚರು ತಮ್ಮ ಕೋಟು ಹಾಕಿಕೊಂಡೇ ನಿಂತಿದ್ದರು. 9 ಡಾಲರ್ ಕೊಟ್ಟೆ. ಆ ಹೆಣ್ಣುಮಗಳು ದಿನಾ ಒಂದೂವರೆ ಗಂಟೆ ದೂರದಿಂದ ಬಂದು ಹೋಗುತ್ತಾರೆ, ಈ ಊರಿನ ಬಾಡಿಗೆ ಅವರ ಕೈಗೆ ಎಟುಕೋದಿಲ್ಲ. ಆ ಮುಖ ನೋಡಿದ ಮೇಲೆ ನನ್ನ ದಣಿವಿನ ಬಗ್ಗೆ ಮಾತಾಡೋಕೆ ನಾಚಿಕೆಯಾಯಿತು.

ದುಡ್ಡು ಕೊಟ್ಟು ಸಮಯ ಕೊಳ್ಳೋದನ್ನು ಕಲಿಯಿರಿ. ಹದಿನೈದು ದಿನಕ್ಕೊಮ್ಮೆ ಮನೆ ತೊಳೆದುಕೊಡುವವರು ಬರುತ್ತಾರೆ, 200 ಡಾಲರ್. ಮೊದಲ ಐದು ವರ್ಷ "ಅಯ್ಯೋ, ನಾವೇ ಮಾಡಿಕೊಳ್ಳೋಣ" ಅಂತ ಶನಿವಾರವಿಡೀ ಟಾಯ್ಲೆಟ್ ತಿಕ್ಕಿ, ಅದರ ಸಿಟ್ಟನ್ನು ಒಬ್ಬರ ಮೇಲೊಬ್ಬರು ತೀರಿಸಿಕೊಂಡಿದ್ದೆವು. ದೊಡ್ಡ ದೊಡ್ಡ ಖರ್ಚಿಗೆ ಕೈ ನಡುಗದವರು ಚಿಕ್ಕದಕ್ಕೆ ಜಿಪುಣರಾಗೋದು ಇಲ್ಲಿ ಸಾಮಾನ್ಯ ಕಾಯಿಲೆ. ನಮ್ಮ ಮನೆಯವರು ಮನೆ ಕೊಳ್ಳುವಾಗ ಒಂದು ಸಂಜೆಯಲ್ಲಿ 60,000 ಡಾಲರ್ ಏರಿಸಿ ಬೆಲೆ ಕೂಗಿದರು, ಮಾರನೇ ದಿನ ಪಾರ್ಕಿಂಗ್‌ಗೆ 12 ಡಾಲರ್ ಯಾಕೆ ಕೊಡಬೇಕು ಅಂತ ನಾಲ್ಕು ಬೀದಿ ಸುತ್ತಿಸಿದರು.

ಊರಿನಲ್ಲಿರುವ ನಿಮ್ಮ ಎಸ್‌ಐಪಿ ಬಗ್ಗೆ, ಬರುವ ಮೊದಲೇ ಕೇಳಿಕೊಳ್ಳಿ. ಇಲ್ಲಿನ ತೆರಿಗೆ ನಿವಾಸಿಗಳಾದ ಮೇಲೆ ಭಾರತದ ಮ್ಯೂಚುವಲ್ ಫಂಡ್‌ಗಳನ್ನು ಇಲ್ಲಿನ ಇಲಾಖೆ ಪಿಎಫ್‌ಐಸಿ ಅನ್ನುವ ಕಠಿಣ ವರ್ಗಕ್ಕೆ ಸೇರಿಸುತ್ತೆ. ಸಾಮಾನ್ಯವಾಗಿ ಒಂದೊಂದು ಫಂಡಿಗೂ ಪ್ರತ್ಯೇಕ 8621 ಫಾರಂ, ಅದನ್ನು ತುಂಬಿಕೊಡೋಕೆ ಆಡಿಟರು ಕೇಳುವ ಫೀಸು ಫಂಡಿನ ಲಾಭವನ್ನೇ ನುಂಗಬಹುದು. ಅನಿವಾಸಿಗಳು ಊರಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದ್ದರೂ ಎಫ್‌ಬಾರ್ ಅನ್ನೋ ಖಾತೆ ವಿವರದ ಫಾರಂ ಸಲ್ಲಿಸಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಆ ಲೆಕ್ಕಕ್ಕೆ ಬರುತ್ತೆ. ಎರಡೂ ದೇಶದ ಕಾಯಿದೆ ಬಲ್ಲ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಕೊನೆಯದು ವೀಸಾ. 2013ರಲ್ಲಿ ಬಂದವರು ನಾವು, ಗ್ರೀನ್ ಕಾರ್ಡ್ ಸಾಲಿನಲ್ಲಿ ನಮ್ಮ ಅರ್ಜಿಯ ತಾರೀಕು 2015. ಇವತ್ತಿಗೂ ಸರದಿ ಬಂದಿಲ್ಲ. 2023ರ ಜನವರಿಯಲ್ಲಿ ಒಂದು ಬೆಳಿಗ್ಗೆ ಇವರ ಲ್ಯಾಪ್‌ಟಾಪ್ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ಸ್ವಂತ ಇ-ಮೇಲಿಗೆ ಎರಡು ಪ್ಯಾರಾ ಬಂದಿತ್ತು, ಕೆಲಸ ಹೋಗಿದೆ ಅಂತ. ಎಚ್-1ಬಿ ಅನ್ನೋ ಉದ್ಯೋಗ ವೀಸಾದವರಿಗೆ ಕೆಲಸ ಹೋದ ಮೇಲೆ ಬೇರೆ ದಾರಿ ಹುಡುಕೋಕೆ, ಇಲ್ಲವೇ ದೇಶ ಬಿಡೋಕೆ ಇರುವ ಗಡುವು ಹೆಚ್ಚೆಂದರೆ 60 ದಿನ. ಫ್ರಿಜ್ ಬಾಗಿಲಿನ ಕ್ಯಾಲೆಂಡರಿನಲ್ಲಿ ಅರವತ್ತನೇ ದಿನಕ್ಕೆ ಸುತ್ತು ಹಾಕಿದ್ದೆ. ದೊಡ್ಡವಳು ಅದು ಯಾರ ಹುಟ್ಟುಹಬ್ಬ ಅಂತ ಕೇಳಿದಳು. ನನಗೆ ನನ್ನದೇ ಎಚ್-1ಬಿ ಇದ್ದಿದ್ದಕ್ಕೆ ಇವರು ಸಂಗಾತಿಗೆ ಸಿಗುವ ಎಚ್-4 ವೀಸಾಕ್ಕೆ ಅರ್ಜಿ ಹಾಕಿ ಉಳಿದರು, ಐದು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತು. ಆ ಐದು ತಿಂಗಳು ಮನೆ ನಡೆದಿದ್ದು ನನ್ನೊಬ್ಬಳ ಮೂಲ ಸಂಬಳದಲ್ಲಿ, ಮತ್ತೆ ಷೇರು ಮಾರಿ ಬೇರೆ ಖಾತೆಯಲ್ಲಿಟ್ಟಿದ್ದ ದುಡ್ಡಿನಲ್ಲಿ. ಹೊಸ ಬೆಲೆಗೆ, ಹೊಸ ಬಡ್ಡಿಗೆ ಮನೆ ಕೊಂಡಿದ್ದರೆ ಮಾರಿ ಹೊರಡಬೇಕಿತ್ತು. ಬಂದ ವರ್ಷವೇ ಮನೆ ಬೇಡ ಅಂದಿದ್ದು ಅದಕ್ಕೆ. ಮೊದಲು ಒಂದು ವರ್ಷದ ಖರ್ಚು ಪಕ್ಕಕ್ಕಿಡಿ. ಎರಡು ಕೋಣೆಯ ಅಪಾರ್ಟ್‌ಮೆಂಟ್ 3,800-4,000ಕ್ಕೆ ಸಿಗುತ್ತೆ, ಆರಾಮಾಗಿ ಇರಿ.

ಇಬ್ಬರಿಗೂ ಅವರವರದೇ ಎಚ್-1ಬಿ ಇರೋದು ನಿಮ್ಮ ದೊಡ್ಡ ಬಲ, ಅದನ್ನು ಯಾವ ಕಾರಣಕ್ಕೂ ಒಂದಕ್ಕೆ ಇಳಿಸಿಕೊಳ್ಳಬೇಡಿ. ಆಫರ್‌ಗೆ ಸಹಿ ಹಾಕುವ ಮುಂಚೆ ಎಚ್‌ಆರ್‌ಗೆ ಒಂದು ಪ್ರಶ್ನೆ ಕೇಳಿ: ಗ್ರೀನ್ ಕಾರ್ಡ್ ಅರ್ಜಿ ಯಾವ ತಿಂಗಳು ಶುರು ಮಾಡುತ್ತೀರಿ? "ಒಂದು ವರ್ಷ ಆದ ಮೇಲೆ ನೋಡೋಣ" ಅಂದರೆ ಸುಮ್ಮನಾಗಬೇಡಿ. ಸಾಲಿನಲ್ಲಿ ನಿಮ್ಮ ಜಾಗ ಗೊತ್ತಾಗೋದು ಅರ್ಜಿ ಸರ್ಕಾರಕ್ಕೆ ಸಲ್ಲಿಕೆಯಾದ ತಾರೀಕಿನಿಂದ. ಇನ್ನೊಂದು 20,000 ಡಾಲರ್ ಕೊಡಿ ಅಂತ ಚೌಕಾಸಿ ಮಾಡುವ ಬದಲು ಈ ಮಾತನ್ನು ಇ-ಮೇಲಿನಲ್ಲಿ ಬರೆಸಿಕೊಳ್ಳಿ. ಬಂದ ಮೇಲೆ ಫೋನ್ ಮಾಡಿ, ಸಂಬಳದಿಂದ ತೆರಿಗೆ ಎಷ್ಟು ಹಿಡಿಯಬೇಕು ಅಂತ ಕಂಪನಿಗೆ ತಿಳಿಸುವ ಡಬ್ಲ್ಯು-4 ಫಾರಂ ಮೊದಲ ಸಲ ತುಂಬುವಾಗ ಜೊತೆಗೆ ಕೂರುತ್ತೇನೆ.