ಲಿನಕ್ಸ್ ಆವೃತ್ತಿ ಬರಲಿಲ್ಲ: ಕಂಪನಿಯ ಬಾಯಿ ಬಿಡಿಸುವುದು ಹೇಗೆ?

ಪ್ರಶ್ನೆ: ನಾವು ಬಳಸುವ ಗ್ರಾಫಿಕ್ ವಿನ್ಯಾಸದ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿಯೂ ಇದೆ. ವಿಂಡೋಸ್‌ನವರಿಗೆ 6ನೇ ಆವೃತ್ತಿ ಸಿಕ್ಕಿ 14 ತಿಂಗಳಾಯಿತು, ಲಿನಕ್ಸ್‌ನವರು ಇನ್ನೂ 5ರಲ್ಲೇ ಇದ್ದೇವೆ. ಮೂರು ಸಲ ಬರೆದೆವು. ಮೂರು ಸಲವೂ ‘ಕೆಲಸ ನಡೆಯುತ್ತಿದೆ, ಶೀಘ್ರದಲ್ಲೇ ಬರಲಿದೆ’ ಎಂಬ ಒಂದೇ ಸಾಲು. ಮುಚ್ಚುಮರೆಯಿಲ್ಲದ ಉತ್ತರ ಬರುವಂತೆ ಹೇಗೆ ಬರೆಯಬೇಕು?

ಉತ್ತರ: ‘ಯಾವಾಗ ಬರುತ್ತೆ?’ ಎಂದು ಕೇಳುವುದನ್ನು ಮೊದಲು ಬಿಡಿ. ಬಿಡುಗಡೆಯ ದಿನ ಸಪೋರ್ಟ್ ಸಿಬ್ಬಂದಿಯ ಕೈಯಲ್ಲಿರುವುದಿಲ್ಲ. ಹೇಳಿದ ದಿನ ತಪ್ಪಿದರೆ ಬೈಸಿಕೊಳ್ಳುವವರು ಮಾತ್ರ ಅವರೇ. ಹಾಗಾಗಿ ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಒಂದು ಸಾಲು ಅಂಟಿಸಿ ಟಿಕೆಟ್ (ನಿಮ್ಮ ದೂರಿನ ದಾಖಲೆ) ಮುಚ್ಚುತ್ತಾರೆ. ದಿನಾಂಕ ಗೊತ್ತಿಲ್ಲದೆಯೂ ಉತ್ತರಿಸಬಹುದಾದದ್ದನ್ನು ಕೇಳಿ: ಕೆಲಸ ಶುರುವೇ ಆಗಿಲ್ಲವೋ, ಒಳಗೆ ಬಿಲ್ಡ್ (ಕೋಡನ್ನು ಓಡುವ ತಂತ್ರಾಂಶವಾಗಿಸುವ ಕೆಲಸ) ಆಗುತ್ತಿದೆಯೋ, ಪರೀಕ್ಷೆಯಲ್ಲಿದೆಯೋ? ತಡೆದಿರುವುದು ಏನು? ಯಾವ ಡಿಸ್ಟ್ರೋದ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಯಾವ ಆವೃತ್ತಿಗೆ ಬರುತ್ತದೆ? ಅಲ್ಲಿಯವರೆಗೆ 5ಕ್ಕೆ ಭದ್ರತಾ ತಿದ್ದುಪಡಿ ಸಿಗುತ್ತದೆಯೇ? ಇವೆಲ್ಲಕ್ಕಿಂತ ಮುಖ್ಯವಾದದ್ದು, ಮುಂದಿನ ಮಾಹಿತಿ ಯಾವ ದಿನ ಕೊಡುತ್ತೀರಿ? ಬಿಡುಗಡೆಯ ದಿನಕ್ಕೆ ಯಾರೂ ಮಾತು ಕೊಡಲಾರರು. ಮಾತಾಡುವ ದಿನಕ್ಕೆ ಕೊಡಬಹುದು, ತಪ್ಪಿದರೆ ಕೇಳುವ ಹಕ್ಕೂ ನಿಮಗೆ ಸಿಗುತ್ತದೆ.

ಪತ್ರ ಹೀಗಿರಲಿ: ‘ನಮ್ಮಲ್ಲಿ 12 ಲೈಸೆನ್ಸ್‌ಗಳಿವೆ, 9 ಉಬುಂಟು 24.04ರ ಮೇಲೆ. 6ರಲ್ಲಿ ಉಳಿಸಿದ ಕಡತ 5ರಲ್ಲಿ ತೆರೆಯದ ಕಾರಣ ವಾರಕ್ಕೆ ಸುಮಾರು 6 ಗಂಟೆ ಕಡತ ಪರಿವರ್ತಿಸುವುದರಲ್ಲೇ ಹೋಗುತ್ತಿದೆ. ಲೈಸೆನ್ಸ್ ನವೀಕರಣಕ್ಕೆ 80 ದಿನ ಉಳಿದಿದೆ. ಬಿಡುಗಡೆಯ ದಿನಾಂಕ ಕೇಳುತ್ತಿಲ್ಲ, ಕೆಳಗಿನ ಐದು ಪ್ರಶ್ನೆಗಳಿಗೆ ಉತ್ತರ ಬೇಕು. ಲಿನಕ್ಸ್ ಕೈಬಿಡುವ ತೀರ್ಮಾನ ಆಗಿದ್ದರೆ ಅದನ್ನೂ ಈಗಲೇ ತಿಳಿಸಿ.’ ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿ. ಉತ್ಪ್ರೇಕ್ಷೆ ಬೇಡ, ಲೈಸೆನ್ಸ್ ಸಂಖ್ಯೆ ಅವರ ದಾಖಲೆಯಲ್ಲೇ ಇರುತ್ತದೆ. ಟಿಕೆಟ್ ಹಾಕಿದ ದಿನವೇ ಇದನ್ನು ಲೈಸೆನ್ಸ್ ಮಾರಾಟ, ನವೀಕರಣ ನೋಡಿಕೊಳ್ಳುವವರಿಗೂ ಕಳಿಸಿ. ನವೀಕರಣಕ್ಕೆ ಎರಡು ಮೂರು ತಿಂಗಳಿರುವಾಗ ಬರೆದ ಪತ್ರಕ್ಕೆ ಇರುವ ತೂಕ, ಹಣ ಕಟ್ಟಿದ ಮರುದಿನ ಬರೆದದ್ದಕ್ಕೆ ಇರುವುದಿಲ್ಲ.

ಕೆಡುವುದು ಎಲ್ಲಿ ಎಂದರೆ, ಅದೇ ಪತ್ರದಲ್ಲಿ ಹತ್ತು ದೋಷಗಳ ದೂರನ್ನೂ ತುರುಕಿದಾಗ. ಓದಿದವರು ಸುಲಭವಾದ ಒಂದು ದೋಷಕ್ಕೆ ಉತ್ತರಿಸಿ ‘ಪರಿಹರಿಸಲಾಗಿದೆ’ ಎಂದುಬಿಡುತ್ತಾರೆ. ಹಲವರು ಒಂದೇ ಒಕ್ಕಣೆಯನ್ನು ನಕಲು ಮಾಡಿ ಕಳಿಸಿದರೂ ಅಷ್ಟೇ, ಎಲ್ಲವೂ ಸೇರಿ ಒಂದೇ ಟಿಕೆಟ್ ಆಗುತ್ತದೆ. ಪ್ರತಿಯೊಬ್ಬರೂ ತಮ್ಮ ಲೆಕ್ಕ, ತಮ್ಮ ತೊಂದರೆ ಬರೆಯಲಿ.

ಪ್ರಶ್ನೆ: ವಿಂಡೋಸ್‌ಗೆ ಬರೆದ ಕೋಡ್ ಕೈಯಲ್ಲೇ ಇದೆಯಲ್ಲ, ಲಿನಕ್ಸ್‌ನಲ್ಲಿ ಕಂಪೈಲ್ ಮಾಡಲು ಇಷ್ಟು ತಡವೇಕೆ? ‘ತಾಂತ್ರಿಕ ಕಾರಣ’ ಎನ್ನುವುದು ಬರೀ ನೆಪವೇ?

ಉತ್ತರ: ನೆಪವಲ್ಲ, ಕಾರಣಗಳು ನಿಜವಾದವು. ಮೊದಲನೆಯದು ಜಿಲಿಬ್‌ಸಿ. ಲಿನಕ್ಸ್‌ನ ಬಹುತೇಕ ಎಲ್ಲ ತಂತ್ರಾಂಶಗಳೂ ಆಧರಿಸುವ ಈ ಮೂಲ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಉಬುಂಟು 22.04ರಲ್ಲಿ 2.35, 24.04ರಲ್ಲಿ 2.39. ಹೊಸದರಲ್ಲಿ ಬಿಲ್ಡ್ ಮಾಡಿದ್ದನ್ನು ಹಳೆಯದರಲ್ಲಿ ಓಡಿಸಿದರೆ ‘ಜಿಲಿಬ್‌ಸಿ 2.38 ಸಿಗಲಿಲ್ಲ’ ಎಂದು ಶುರುವಿನಲ್ಲೇ ನಿಲ್ಲಬಹುದು. ಅಕ್ಷರರೂಪದ ಅಂಕಿಗಳನ್ನು ಸಂಖ್ಯೆಯಾಗಿ ಓದುವಂಥ ಸಾಮಾನ್ಯ ಕೆಲಸಕ್ಕೂ, ಹೊಸ ಡಿಸ್ಟ್ರೋದಲ್ಲಿ ಬಿಲ್ಡ್ ಮಾಡುವಾಗ 2.38ರಲ್ಲಿ ಬಂದ ಹೊಸ ಫಂಕ್ಷನ್ ಜೋಡಣೆಯಾಗಿಬಿಡುತ್ತದೆ. ಹಾಗಾಗಿ ಬೆಂಬಲಿಸಬೇಕಾದ ಅತಿ ಹಳೆಯ ಡಿಸ್ಟ್ರೋದ ಮೇಲೆ ಬಿಲ್ಡ್ ಮಾಡಬೇಕು. ಆದರೆ ಅದರ ಹಳೆಯ ಕಂಪೈಲರ್ ಹೊಸ ಕೋಡನ್ನು ಒಪ್ಪದೇ ಇರಬಹುದು. ನಿಮ್ಮಲ್ಲಿರುವ ಜಿಲಿಬ್‌ಸಿ ಯಾವುದೆಂದು ನೋಡಲು ಟರ್ಮಿನಲ್‌ನಲ್ಲಿ ಎಲ್‌ಡಿಡಿ ಆದೇಶಕ್ಕೆ ವರ್ಷನ್ ಆಯ್ಕೆ ಕೊಡಿ, ಮೊದಲ ಸಾಲಿನಲ್ಲೇ ಕಾಣುತ್ತದೆ.

ಎರಡನೆಯದು ವೇಲ್ಯಾಂಡ್, ಅಂದರೆ ತಂತ್ರಾಂಶಗಳ ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ ಹೊಸ ವ್ಯವಸ್ಥೆ. ಇದು ಇನ್ನೂ ಜಟಿಲ. ಫೆಡೋರಾ 2016ರಲ್ಲಿ, ಉಬುಂಟು 21.04ರಲ್ಲಿ ಇದನ್ನೇ ಮೊದಲ ಆಯ್ಕೆ ಮಾಡಿದವು. ಪರದೆಯ ಯಾವುದೋ ಚುಕ್ಕಿಯ ಬಣ್ಣ ಹೆಕ್ಕುವ ಉಪಕರಣವನ್ನೇ ನೋಡಿ. ಹಳೆಯ ಎಕ್ಸ್11ರಲ್ಲಿ ತಂತ್ರಾಂಶ ನೇರವಾಗಿ ಪರದೆಯನ್ನು ಓದುತ್ತಿತ್ತು. ವೇಲ್ಯಾಂಡ್‌ನಲ್ಲಿ ಒಂದು ತಂತ್ರಾಂಶ ಇನ್ನೊಂದರ ಕಿಟಕಿಯೊಳಗೆ ಇಣುಕುವಂತಿಲ್ಲ, ಪೋರ್ಟಲ್ ಎಂಬ ಮಧ್ಯವರ್ತಿಯನ್ನು ಕೇಳಬೇಕು. ಪರದೆ ಚಿತ್ರೀಕರಣ, ಎಲ್ಲ ಕಡೆ ಕೆಲಸ ಮಾಡುವ ಶಾರ್ಟ್‌ಕಟ್ ಕೀಲಿಗಳೂ ಹಾಗೆಯೇ. ಭದ್ರತೆಗೆ ಇದು ಒಳ್ಳೆಯದು, ಆದರೆ ಆ ಭಾಗಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಇಷ್ಟನ್ನು ಬಳಕೆದಾರರಿಗೆ ವಿವರಿಸಲು ಅರ್ಧ ಪುಟ ಸಾಕು. ಹಾಗಾಗಿ ತಡವಾದದ್ದನ್ನು ಒಪ್ಪಬಹುದು, ಮೌನವನ್ನು ಒಪ್ಪಲಾಗದು. ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನ 2.10 ಬಂದದ್ದು 2018ರ ಏಪ್ರಿಲ್‌ನಲ್ಲಿ, 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಸುಮಾರು ಏಳು ವರ್ಷ! ಆದರೂ 2020ರಿಂದಲೇ 2.99 ಎಂಬ ಸರಣಿಯಲ್ಲಿ ಅರೆಬೆಂದ ಆವೃತ್ತಿಗಳನ್ನು ಬಿಡುತ್ತಾ, ಏನು ಮುಗಿದಿದೆ, ಏನು ಉಳಿದಿದೆ ಎಂದು ತಿಳಿಸುತ್ತಲೇ ಬಂದರು. ಹೆಚ್ಚಾಗಿ ಸ್ವಯಂಸೇವಕರೇ ಇರುವ ತಂಡ ಮಾಡಿದ್ದನ್ನು ಹಣ ಪಡೆಯುವ ಕಂಪನಿ ಮಾಡಲಾರದೇ?

ಪ್ರಶ್ನೆ: ಇಷ್ಟಾದರೂ ಉತ್ತರ ಬರದಿದ್ದರೆ?

ಉತ್ತರ: ಎರಡು ವಾರ ಬಿಟ್ಟು ಅದೇ ಟಿಕೆಟ್‌ನಲ್ಲಿ ಒಮ್ಮೆ ನೆನಪಿಸಿ. ಹೊಸ ಟಿಕೆಟ್ ಬೇಡ, ಹಳೆಯ ದಿನಾಂಕವೇ ನಿಮ್ಮ ಸಾಕ್ಷಿ. ಆಮೇಲೂ ಸುದ್ದಿಯಿಲ್ಲದಿದ್ದರೆ ಒಂದು ವರ್ಷದ್ದನ್ನಷ್ಟೇ ನವೀಕರಿಸಿ, ಹಲವು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಈ ನಡುವೆ 5ರ ಇನ್‌ಸ್ಟಾಲರ್ ಕಡತವನ್ನು ಎರಡು ಕಡೆ ಉಳಿಸಿಡಿ. ಡಿಸ್ಟ್ರೋ ಮೇಲ್ದರ್ಜೆಗೇರಿಸುವ ಆತುರ ಬೇಡ: ಉಬುಂಟು 22.04ರಲ್ಲಿ ಗೂಢಲಿಪೀಕರಣದ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಬಂದು 1.1 ಹೋದಾಗ, ಅದನ್ನೇ ನೆಚ್ಚಿದ್ದ ಎಷ್ಟೋ ಹಳೆಯ ತಂತ್ರಾಂಶಗಳು ನಿಂತುಹೋದವು. ಒಂದು ಯಂತ್ರದಲ್ಲಿ ಮೊದಲು ಹೊಸದನ್ನು ಹಾಕಿ, ತಂತ್ರಾಂಶದ ಮುಖ್ಯ ಕಡತದ ಮೇಲೆ ಎಲ್‌ಡಿಡಿ ಓಡಿಸಿ, ಅದಕ್ಕೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಲೈಬ್ರರಿಯ ಹೆಸರಿನ ಮುಂದೆ ‘ನಾಟ್ ಫೌಂಡ್’ ಎಂದು ಕಂಡರೆ ಉಳಿದ ಯಂತ್ರಗಳನ್ನು ಮುಟ್ಟಬೇಡಿ. ಮುಗಿದ ಕೆಲಸಗಳನ್ನು ಎಸ್‌ವಿಜಿ (ಬೇರೆ ತಂತ್ರಾಂಶದಲ್ಲೂ ತಿದ್ದಬಹುದಾದ ಚಿತ್ರ ಮಾದರಿ), ಪಿಡಿಎಫ್ ಎರಡರಲ್ಲೂ ಉಳಿಸಿ. ಎಸ್‌ವಿಜಿಯಲ್ಲಿ ಕೆಲವು ಎಫೆಕ್ಟ್‌ಗಳು ಕಳೆದುಹೋಗಬಹುದು, ಮೂಲದಲ್ಲಿ ಹೇಗಿತ್ತು ಎಂದು ಹೋಲಿಸಲು ಪಿಡಿಎಫ್ ಬೇಕಾಗುತ್ತದೆ.