ಲೈಟ್ ಹತ್ತುತ್ತೆ, ಲ್ಯಾಪ್‌ಟಾಪ್‌ಗೆ ಮಾತ್ರ ಕಾಣಲ್ಲ

ಪ್ರಶ್ನೆ: ಸರ್, ನಮ್ಮೂರಲ್ಲಿ ನಡೆಯೋ ತಾಳಮದ್ದಲೆಗಳನ್ನ ರೆಕಾರ್ಡ್ ಮಾಡಿ ಇಡೋಣ ಅಂತ ಎರಡು ಮೈಕ್ ಹಾಕೋ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತಗೊಂಡೆ, ಒಂದು ತಿಂಗಳು ಚೆನ್ನಾಗೇ ಇತ್ತು. ಹೋದ ವಾರ ದೇವಸ್ಥಾನಕ್ಕೆ ಹೊರಡುವಾಗ ಅವಸರದಲ್ಲಿ ಕೈಗೆ ಸಿಕ್ಕಿದ ಟೈಪ್-ಸಿ ಕೇಬಲ್ ಬ್ಯಾಗಿಗೆ ಹಾಕ್ಕೊಂಡು ಹೋದೆ, ಅಲ್ಲಿ ಹಾಕಿದ್ರೆ ಲೈಟ್ ಹತ್ತುತ್ತೆ ಆದ್ರೆ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಏನೂ ತೋರ್ಸಲ್ಲ. ಕೊನೆಗೆ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದ್ವಿ, ಮದ್ದಳೆ ಬಿಟ್ರೆ ಏನೂ ಕೇಳಲ್ಲ. ಮನೆಗೆ ತಂದು ಅದೇ ಕೇಬಲ್‌ನಲ್ಲಿ ಹಾಕಿದ್ರೂ ಹಾಗೇ, ಡ್ರೈವರ್ ಮೂರು ಸಲ ಹಾಕಿದೆ. ರಿಪೇರಿಯವ್ರು ಬೋರ್ಡ್ ಹೋಗಿದೆ ಅಂತಾರೆ. ಹೊಸದು ತಗೋಬೇಕಾ?
— ಓದುಗರು, ಶಿರಸಿ

ಉತ್ತರ: ಹೊಸದು ತಗೋಬೇಡಿ, ಬೋರ್ಡ್ ಬಿಚ್ಚೋಕೂ ಕೊಡ್ಬೇಡಿ. ಮೊದಲು ಪೆಟ್ಟಿಗೆ ಜೊತೆ ಬಂದಿದ್ದ ಕೇಬಲ್ ಹುಡುಕಿ ತೆಗೀರಿ. ಲೈಟ್ ಹತ್ತಿದೆ ಅಂದ್ರೆ ಕರೆಂಟ್ ಮುಟ್ಟಿದೆ ಅಂತ ಮಾತ್ರ ಅರ್ಥ, ಲ್ಯಾಪ್‌ಟಾಪ್‌ಗೂ ಅದಕ್ಕೂ ಮಾತುಕತೆ ಆಗಿದೆ ಅಂತಲ್ಲ. ಮಾಮೂಲಿ ಯುಎಸ್‌ಬಿ 2.0 ಕೇಬಲ್ ಒಳಗೆ ಸಾಮಾನ್ಯವಾಗಿ ನಾಲ್ಕು ವೈರ್ ಇರ್ತವೆ, ಕೆಂಪು-ಕಪ್ಪಿನಲ್ಲಿ 5 ವೋಲ್ಟ್ ಕರೆಂಟ್ ಹೋಗುತ್ತೆ, ಬಿಳಿ-ಹಸಿರಿನಲ್ಲಿ ಡೇಟಾ. ಬರೀ ಚಾರ್ಜ್ ಮಾಡೋಕೆ ಅಂತ್ಲೇ ಬರೋ ಅಗ್ಗದ ಕೇಬಲ್‌ಗಳಲ್ಲಿ ಆ ಬಿಳಿ-ಹಸಿರು ಹಾಕೇ ಇರಲ್ಲ, ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ. ನೀವು ಇಂಟರ್‌ಫೇಸ್ ಚುಚ್ಚಿದ ಕೂಡ್ಲೇ ಅದು ಒಂದು ಡೇಟಾ ವೈರ್‌ಗೆ 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಕೊಟ್ಟು ನಾನು ಬಂದೆ ಅಂತ ತಿಳಿಸ್ಬೇಕು, ಆಮೇಲೆ ಲ್ಯಾಪ್‌ಟಾಪ್ ನೀನ್ಯಾರು ಏನು ಅಂತ ವಿಚಾರಿಸುತ್ತೆ, ಅದಾದ ಮೇಲೆ ಡ್ರೈವರ್ ಮಾತು. ಬಾಗಿಲು ತಟ್ಟೋ ವೈರೇ ಇಲ್ಲ ಅಂದ್ರೆ ಡ್ರೈವರ್ ಮೂರಲ್ಲ ಮೂವತ್ತು ಸಲ ಹಾಕಿದ್ರೂ ಪ್ರಯೋಜನ ಇಲ್ಲ.

ಅನುಮಾನ ಇದ್ರೆ ಆ ಕೇಬಲ್‌ನಿಂದ ನಿಮ್ಮ ಆಂಡ್ರಾಯ್ಡ್ ಫೋನನ್ನ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಫೋನ್ ಚಾರ್ಜ್ ಆಗ್ತಿದ್ದು, ಮೇಲಿನ ನೋಟಿಫಿಕೇಶನ್‌ನಲ್ಲಿ ಫೈಲ್ ಟ್ರಾನ್ಸ್‌ಫರ್ ಅನ್ನೋ ಆಯ್ಕೆನೇ ಬರ್ಲಿಲ್ಲ ಅಂದ್ರೆ ಹೆಚ್ಚುಕಮ್ಮಿ ಕೇಬಲ್‌ದೇ ತಪ್ಪು.

ಸರಿಯಾದ ಕೇಬಲ್ ಹಾಕಿದ ಮೇಲೂ ಬರ್ಲಿಲ್ಲ ಅಂದ್ರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆಗೆದಿಟ್ಟುಕೊಳ್ಳಿ, ಅದನ್ನ ನೋಡ್ತಾನೇ ಕೇಬಲ್ ತೆಗೆದು ಹಾಕಿ. ಪಟ್ಟಿ ಒಂಚೂರೂ ಅಲ್ಲಾಡ್ಲಿಲ್ಲ ಅಂದ್ರೆ ಇನ್ನೂ ಕೇಬಲ್, ಪೋರ್ಟ್ ಮಟ್ಟದಲ್ಲೇ ಇದೀರಿ, ಇನ್ನೊಂದು ಪೋರ್ಟ್ ನೋಡಿ, ಇನ್ನೊಬ್ಬರ ಲ್ಯಾಪ್‌ಟಾಪ್ ನೋಡಿ. ಅಲ್ಲೂ ಕಾಣದಿದ್ರೆ ಆಗ ಬೋರ್ಡ್ ವಿಷ್ಯ ಮಾತಾಡೋಣ. ಅನ್‌ನೋನ್ ಯುಎಸ್‌ಬಿ ಡಿವೈಸ್, ಕೋಡ್ 43 ಅಂತ ಬಂದ್ರೆ ಬಾಗಿಲು ತಟ್ಟಿದೆ ಆದ್ರೆ ಹೆಸರು ಹೇಳೋಕೆ ಆಗಿಲ್ಲ ಅಂತ. ಹಬ್ ಮೂಲಕ ಹಾಕಿದ್ರೆ ಇದು ಜಾಸ್ತಿ, ಯಾಕಂದ್ರೆ ಯುಎಸ್‌ಬಿ 2.0 ಪೋರ್ಟ್ ಕೊಡೋದೇ 500 ಮಿಲಿಆಂಪ್, ಬೇರೆ ಕರೆಂಟ್ ಇಲ್ಲದ ಹಬ್‌ನಲ್ಲಿ ಅದನ್ನೇ ಮೌಸು ಪೆನ್‌ಡ್ರೈವು ಎಲ್ಲ ಹಂಚಿಕೊಳ್ತವೆ, ಅದರ ಮೇಲೆ ನೀವು ಕಂಡೆನ್ಸರ್ ಮೈಕ್‌ಗೆ (ಕರೆಂಟ್ ಕೊಟ್ರೆ ಮಾತ್ರ ಕೆಲ್ಸ ಮಾಡೋ ಮೈಕ್) ಅಂತ 48 ವೋಲ್ಟ್ ಬಟನ್ ಒತ್ತಿದ್ರೆ ಸಾಕಾಗಲ್ಲ. ನೇರ ಲ್ಯಾಪ್‌ಟಾಪ್‌ಗೇ ಹಾಕಿ, 48 ವೋಲ್ಟ್ ಆಫ್ ಇಟ್ಟು ಹಾಕಿ, ಗುರುತು ಹಿಡಿದ ಮೇಲೆ ಆನ್ ಮಾಡಿ.

ಹೆಸರು ಬಂದು ಪಕ್ಕದಲ್ಲಿ ಹಳದಿ ಗುರುತು ಇದ್ರೆ ಮಾತ್ರ ಡ್ರೈವರ್ ಕಡೆ ಹೋಗಿ. ಹಳೇದನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ, ಶಟ್‌ಡೌನ್ ಬೇಡ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ಒಳಗಿನ ಡ್ರೈವರ್ ಸ್ಥಿತಿ ಡಿಸ್ಕ್‌ನಲ್ಲಿ ಉಳ್ಕೊಂಡು ಹಾಗೇ ವಾಪಸ್ ಬರುತ್ತೆ, ರೀಸ್ಟಾರ್ಟ್‌ನಲ್ಲಿ ಮಾತ್ರ ಪೂರ್ತಿ ಹೊಸದಾಗಿ ಶುರುವಾಗುತ್ತೆ. 2017ರಿಂದ ವಿಂಡೋಸ್ 10ರಲ್ಲೇ ಯುಎಸ್‌ಬಿ ಆಡಿಯೋ ಕ್ಲಾಸ್ 2 (ಬೇರೆ ಬೇರೆ ಕಂಪನಿಗಳ ಆಡಿಯೋ ಸಾಧನಗಳಿಗೆ ಇರೋ ಒಂದೇ ನಿಯಮ) ಡ್ರೈವರ್ ಇರೋದ್ರಿಂದ ಆ ನಿಯಮ ಪಾಲಿಸೋ ಇಂಟರ್‌ಫೇಸ್‌ಗಳು ಏನೂ ಹಾಕದೇ ಕಾಣ್ಬೇಕು, ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಬರಬಾರ್ದು ಅಂದ್ರೆ ಇಂಟರ್‌ಫೇಸ್ ಕಂಪನಿಯವ್ರೇ ಕೊಡೋ ಆಸಿಯೋ (ASIO, ದನಿ ತಡ ಆಗದ ಹಾಗೆ ಮಾಡೋ) ಡ್ರೈವರ್ ಹಾಕೊಳ್ಳಿ. ಎಲ್ಲ ಸರಿ ಇದ್ದೂ ರೆಕಾರ್ಡಿಂಗ್ ಖಾಲಿ ಬಂದ್ರೆ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಮೈಕ್ರೊಫೋನ್ ಆಫ್ ಆಗಿದ್ಯಾ ನೋಡಿ, ಸೌಂಡ್‌ನಲ್ಲಿ ಇನ್‌ಪುಟ್ ಇನ್ನೂ ಲ್ಯಾಪ್‌ಟಾಪ್ ಮೈಕ್‌ಗೇ ಇದ್ಯಾ ಅದನ್ನೂ ನೋಡಿ.

ಒಳ್ಳೇ ಕೇಬಲ್ ಸಿಕ್ಕಿದ ಮೇಲೆ ಅದಕ್ಕೆ ಎರಡೂ ತುದಿಗೆ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿ ಇಂಟರ್‌ಫೇಸ್ ಜೊತೆನೇ ಕಟ್ಟಿಡಿ, ಮನೆಯವ್ರು ಯಾರೂ ಫೋನ್‌ಗೆ ಅಂತ ತಗೋಬಾರ್ದು. ಹಿರಿಯ ಅರ್ಥಧಾರಿಗಳು ಒಂದು ರಾತ್ರಿ ಆಡಿದ ಮಾತು ಇನ್ನೊಂದು ರಾತ್ರಿ ಹಾಗೇ ಬರಲ್ಲ, ನೀವು ಮಾಡ್ತಿರೋದು ದೊಡ್ಡ ಕೆಲ್ಸ, ಅದಕ್ಕೇ ಇಷ್ಟು ಉದ್ದ ಬರೆದೆ. ಹೋಗೋ ಮುಂಚೆ ಮನೇಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಅದೇ ಕೇಬಲ್‌ನ ಬ್ಯಾಗಿಗೆ ಹಾಕಿ.

ಪ್ರಶ್ನೆ: ಮಕ್ಕಳಿಗೆ ಪಾಠದ ವಿಡಿಯೋ ಮಾಡೋಕೆ ಕಾಲರ್ ಮೈಕ್ ತಂದೆ. ಕ್ಯಾಮೆರಾದಲ್ಲಿ ಚೆನ್ನಾಗಿ ಕೇಳುತ್ತೆ, ಲ್ಯಾಪ್‌ಟಾಪ್ ಜಾಕ್‌ಗೆ ಹಾಕಿದ್ರೆ ಹೆಡ್‌ಫೋನ್ ಅಂತ ತೋರ್ಸುತ್ತೆ, ಮೈಕ್ ಬರೋದೇ ಇಲ್ಲ. ಏನ್ ಮಾಡ್ಲಿ?
— ಶಿಕ್ಷಕಿ, ಹಾಸನ

ಉತ್ತರ: ಮೇಡಂ, ಮೈಕ್‌ನ ಪಿನ್ ಮೇಲೆ ಕಪ್ಪು ಗೆರೆ ಎಷ್ಟಿದೆ ಎಣಿಸಿ. ಎರಡಿದ್ರೆ ಅದು ಕ್ಯಾಮೆರಾಗೆ ಮಾಡಿದ್ದು, ಮೂರಿದ್ರೆ ಮೊಬೈಲ್‌ಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ತೂತು, ಅದು ಮೊಬೈಲ್ ಥರದ್ದು, ಮೈಕ್ ದನಿ ಬರಬೇಕಾಗಿರೋದು ಪಿನ್ನಿನ ಬುಡದ ಕೊನೇ ಭಾಗದಿಂದ. ಎರಡು ಗೆರೆ ಪಿನ್ನಲ್ಲಿ ಆ ಭಾಗ ಬರೀ ಗ್ರೌಂಡ್, ಹಾಗಾಗಿ ಲ್ಯಾಪ್‌ಟಾಪ್ ಅದನ್ನ ಹೆಡ್‌ಫೋನ್ ಅಂದ್ಕೊಳ್ಳುತ್ತೆ. ಮೈಕ್ ಕೆಟ್ಟಿಲ್ಲ, ಬದಲಾಯಿಸ್ಬೇಡಿ. ಅಂಗಡಿಯಲ್ಲಿ ಕ್ಯಾಮೆರಾ ಮೈಕ್‌ನ ಮೊಬೈಲ್‌ಗೆ ಹಾಕೋ ಕನ್ವರ್ಟರ್ ಕೊಡಿ ಅಂತ ಕೇಳಿ, ಅದರ ಗಂಡು ಪಿನ್ನಿಗೆ ಮೂರು ಗೆರೆ ಇರೋದನ್ನ ಅಲ್ಲೇ ನೋಡಿ ತಗೊಳ್ಳಿ.